ಬಚ್ಚಲಿಗೆ ಹಲಸಿನ ಬಾಗಿಲು

ಜಯದೇವಪ್ಪ ಮೇಷ್ಟ್ರ ಮನೆಯ ಬಚ್ಚಲಿಗೆ ಬಾಗಿಲಿರಲಿಲ್ಲ. ಉಳಿದದ್ದೆಲ್ಲ ಇತ್ತು. ಗೋಡೆಗೆ ತಲೆಯೆತ್ತರಕ್ಕೆ ಹಾಲುಬಿಳಿ ಟೈಲ್ಸು, ಬಿಸಿನೀರಿಗೆ ಗೀಸರು, ಸೋಪಿಡಲು ಮೂಲೆಯಲ್ಲಿ ಗಾಜಿನ ತಟ್ಟೆ. ಕೊಪ್ಪ ಪೇಟೆಯಲ್ಲಿ ಇಂಥ ಬಚ್ಚಲು ಎಷ್ಟು ಮನೆಗಿದ್ದೀತು ಎಂದು ಮೇಷ್ಟ್ರು ಬಂದವರಿಗೆಲ್ಲ ತೋರಿಸುತ್ತಿದ್ದರು. ತೋರಿಸಲು ಕಷ್ಟವೂ ಇರಲಿಲ್ಲ. ಬಾಗಿಲಿನ ಜಾಗದಲ್ಲಿ ಇಳಿಬಿಟ್ಟಿದ್ದ ಹೆಂಡತಿಯ ಹಳೇ ಸೀರೆಯನ್ನು ಪಕ್ಕಕ್ಕೆ ಸರಿಸಿದರೆ ಆಗುತ್ತಿತ್ತು.

ಬಾಗಿಲು ಬರುವುದಿತ್ತು. ನಾಲ್ಕು ವರ್ಷದಿಂದ ಬರುವುದಿತ್ತು. ಹತ್ತಿರದ ನಾರ್ವೆ ಎಂಬ ಊರಿನಲ್ಲಿ ಯಾರೋ ಹಿತ್ತಲಿನ ಹಲಸಿನ ಮರ ಕಡಿಸಿದಾಗ ಮೇಷ್ಟ್ರು ತಾವೇ ಹೋಗಿ ಹಲಗೆ ಕೊಯ್ಯಿಸಿ ತಂದಿದ್ದರು. ಹಸಿ ಮರ, ಚೆನ್ನಾಗಿ ಒಣಗಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಉಬ್ಬುತ್ತದೆ ಎಂದು ಜಗಲಿಯ ಗೋಡೆಗೆ ಒರಗಿಸಿಟ್ಟರು. ಹಲಗೆ ಒಣಗಿತು. ಹಲಗೆಯ ಮೇಲೆ ಹಪ್ಪಳ ಒಣಗಿತು, ಸಂಡಿಗೆ ಒಣಗಿತು, ಮನೆಯವರ ಒಳಬಟ್ಟೆಗಳೂ ಒಣಗಿದವು. ಮೇಷ್ಟ್ರ ಲೆಕ್ಕದಲ್ಲಿ ಮಾತ್ರ ಅದು ಇನ್ನೂ ಒಣಗುತ್ತಲೇ ಇತ್ತು.

ಅವರು ಇದ್ದದ್ದೇ ಹಾಗೆ. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದಾಗಲೂ ಬೋರ್ಡಿನ ಮೇಲೆ ಪ್ರಮೇಯವನ್ನು ಅರ್ಧ ಸಾಧಿಸಿ, "ಉಳಿದದ್ದು ಸುಲಭ, ಮನೇಲಿ ಮಾಡ್ಕೊಂಡು ಬನ್ನಿ" ಎಂದು ಕೈಯ ಸೀಮೆಸುಣ್ಣ ಕೊಡವಿಕೊಂಡು ಹೊರಟುಬಿಡುತ್ತಿದ್ದರಂತೆ. ನಿವೃತ್ತರಾದ ಮೇಲೆ ಆ ಸುಲಭದ ಭಾಗವೆಲ್ಲ ಹೆಂಡತಿ ಸರ್ವಮಂಗಳೆಯ ಪಾಲಿಗೆ ಬಂತು. ಅವರು ಜೇನುಪೆಟ್ಟಿಗೆ ತಂದರು. ಅದರೊಳಗೆ ಗೂಡು ಕಟ್ಟಿದ ಕಟ್ಟಿರುವೆ ಓಡಿಸಿದ್ದು ಅವಳು. ಹಾರ್ಮೋನಿಯಂ ತಂದು ಸರಿಗಮದಲ್ಲಿ ನಿಂತರು. ಧೂಳು ಒರೆಸಿದ್ದು ಅವಳು. ಹಿತ್ತಲಿಗೆ ಅರ್ಧ ಬೇಲಿ ಹಾಕಿದರು. ಉಳಿದರ್ಧದಲ್ಲಿ ದನ ನುಗ್ಗಿದಾಗಲೆಲ್ಲ ಕೋಲು ಹಿಡಿದು ಓಡಿದ್ದೂ ಅವಳೇ. ಆರಂಭಶೂರ ಎನ್ನುವ ಮಾತು ಕನ್ನಡದಲ್ಲಿ ಹುಟ್ಟಿದ್ದೇ ಈ ಮನುಷ್ಯನ ಸಲುವಾಗಿ ಎಂದು ಮದುವೆಯಾದ ಮೊದಲ ವರ್ಷವೇ ಅವಳಿಗೆ ಗೊತ್ತಾಗಿತ್ತು. ಏನು ಹೇಳಿದರೂ ಅವರದು ಒಂದೇ ಉತ್ತರ, "ಆಯ್ತು." ನಲ್ಲಿ ಸೋರುತ್ತಿದೆ ಎಂದರೆ ಆಯ್ತು. ಬಾಗಿಲು ಹಾಕಿಸಿ ಎಂದರೆ ಆಯ್ತು. ಬಾಯಲ್ಲಿ ಆಯ್ತು ಎಂದ ಮೇಲೆ ಅವರ ಮಟ್ಟಿಗೆ ಆ ಕೆಲಸ ಆಗಿಯೇ ಹೋದ ಹಾಗೆ.

ಮಗ ಸಿದ್ದಾರ್ಥ ಅಪ್ಪನ ಪಡಿಯಚ್ಚು. ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಬಿಚ್ಚುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮನೆಯ ಊಟದ ಮೇಜಿನ ಮೇಲೂ ಹೊಟ್ಟೆ ತೆರೆದುಕೊಂಡ ಫೋನುಗಳು ಬಿದ್ದಿರುತ್ತಿದ್ದವು. ಅಪ್ಪ ಒಂದು ಸಲ ಆಯ್ತು ಎಂದರೆ ಇವನು ಎರಡು ಸಲ ಅನ್ನುತ್ತಿದ್ದ. ಮಗಳು ಕೃತಿಕಾ ಖಾಸಗಿ ಶಾಲೆಯೊಂದರಲ್ಲಿ ಟೀಚರು. ಅವಳಿಗೆ ತಾಯಿಯ ನಾಲಗೆ ಬಂದಿತ್ತು, ತಾಯಿಯ ತಾಳ್ಮೆ ಬಂದಿರಲಿಲ್ಲ.

ಬಾಗಿಲಿಲ್ಲದ ಬಚ್ಚಲಿಗೆ ಒಂದು ಕಾನೂನಿತ್ತು. ಒಳಗೆ ಹೋದವರು ಸದ್ದು ಮಾಡುತ್ತಿರಬೇಕು. ಮೇಷ್ಟ್ರು ಮಗ್ಗಿ ಹೇಳುತ್ತಾ ಮೀಯುತ್ತಿದ್ದರು. ಸಿದ್ದಾರ್ಥ ಫೋನಿನಲ್ಲಿ ಹಾಡು ಹಾಕುತ್ತಿದ್ದ. ಸರ್ವಮಂಗಳೆ ಕೆಮ್ಮುತ್ತಿದ್ದಳು. ಸೊಸೆ ಅರ್ಪಿತಾ ಮಾತ್ರ ಮಾವ ಪೇಟೆಗೆ ಹೋಗಲಿ ಎಂದು ಕಾದು, ಗಡಿಬಿಡಿಯಲ್ಲಿ ಎರಡು ತಂಬಿಗೆ ಸುರಿದುಕೊಂಡು ಬರುತ್ತಿದ್ದಳು. ಅವಳಿಗೆ ಏಳು ತಿಂಗಳು ತುಂಬಿದ್ದಾಗ ಒಂದು ದಿನ ಹಾಗೆ ಮೀಯಲು ಹೋಗಿದ್ದಾಳೆ, ಹೊರಗಿನಿಂದ ಸೀರೆ ಸರಿಯಿತು. ನೋಡಿದರೆ ಬಡಗಿ ಬೂತಪ್ಪ, ಕೈಯಲ್ಲಿ ಟೇಪು. ಬಾಗಿಲಿನ ಅಳತೆಗೆ ಬಂದಿದ್ದ. ಅವಳ ಕೂಗಿಗೆ ಕೇರಿಯೇ ಎದ್ದು ಬಂತು. ಪೇಟೆಯಿಂದ ಆಗಲೇ ವಾಪಸಾಗಿದ್ದ ಮೇಷ್ಟ್ರು ಜಗಲಿಯಲ್ಲಿ ಪೇಪರು ಮಡಿಸಿ, "ಪಾಪ, ಅವನು ಅಳತೆ ತಗೊಳ್ಳೋಕೆ ಬಂದದ್ದು. ನಾನೇ ಒಳಗೆ ಹೋಗು ಅಂದೆ" ಎಂದರು. ಅರ್ಪಿತಾ ಆ ವಾರವೇ ಬಾಣಂತನಕ್ಕೆಂದು ನರಸಿಂಹರಾಜಪುರದ ತವರಿಗೆ ಹೋದಳು. ಬೂತಪ್ಪನ ಅಳತೆ ಅವತ್ತೂ ಪೂರ್ತಿ ಆಗಲಿಲ್ಲ.

ಈಗ ಅವಳ ಮಗುವಿಗೆ ಮೂರು ತಿಂಗಳಾಗಿತ್ತು. ಹೆಣ್ಣುಮಗು. ನಾಮಕರಣದ ದಿನ ಸ್ವಲ್ಪ ಹೊತ್ತು ಎತ್ತಿಕೊಂಡದ್ದು ಬಿಟ್ಟರೆ ಸರ್ವಮಂಗಳೆಗೆ ಮೊಮ್ಮಗಳ ಮೈಯ ಬಿಸಿಯೇ ಗೊತ್ತಿರಲಿಲ್ಲ. ಶಿವರಾತ್ರಿಯ ಉಪವಾಸ ಬಿಟ್ಟು ಊಟ ಮಾಡಿದವಳೇ ಸೊಸೆಗೆ ಫೋನು ಮಾಡಿದಳು.

"ಯಾವಾಗ ಬರ್ತಿ ಮಗಾ? ದಿನ ನೋಡ್ಸಲಾ?"

"ಬಾಗಿಲು ಆಯ್ತಾ ಅತ್ತೆ?"

ಸರ್ವಮಂಗಳೆ ಬಚ್ಚಲಿನ ಸೀರೆಯ ಕಡೆ ನೋಡಿದಳು.

"ನಾನು ಸಿಟ್ಟಲ್ಲಿ ಹೇಳ್ತಾ ಇಲ್ಲ ಅತ್ತೆ. ಮಗೂಗೆ ನೀರು ಹಾಕೋವಾಗ ಗಾಳಿ ನುಗ್ಗುತ್ತೆ, ನಾನು ಮೀಯೋವಾಗ ಬೂತಪ್ಪ ನುಗ್ತಾನೆ. ಇಲ್ಲೇ ಒಂದು ಶಾಲೇಲಿ ಕೆಲಸಕ್ಕೆ ಕರ್ದಿದ್ದಾರೆ. ಹಬ್ಬ ಕಳ್ದು ಹೇಳ್ತೀನಿ ಅಂದಿದೀನಿ. ಯುಗಾದಿಯೊಳಗೆ ಬಾಗಿಲು ಹಾಕ್ಸಿ, ಬರ್ತೀನಿ. ಇಲ್ಲಾಂದ್ರೆ ಕೆಲಸಕ್ಕೆ ಹೂಂ ಅಂತೀನಿ, ಮಗು ಇಲ್ಲೇ ಬೆಳೀಲಿ. ಇವ್ರು ಭಾನುವಾರ ಬಂದು ನೋಡ್ಕೊಂಡು ಹೋಗ್ಲಿ."

ಅದರಲ್ಲಿ ತಪ್ಪು ಹುಡುಕಲು ಸರ್ವಮಂಗಳೆಗೆ ಆಗಲಿಲ್ಲ. ಮೊಮ್ಮಗಳು ಅಲ್ಲೇ ಉಳಿದುಬಿಟ್ಟಾಳು ಎಂದು ಹೆದರಿಕೆಯಾಯಿತು. ಒಂದು ಬಾಗಿಲಿನ ದೆಸೆಯಿಂದ ಮೊಮ್ಮಗಳನ್ನು ಕಳೆದುಕೊಂಡ ಮನೆ ಸುತ್ತಲಿನ ಮೂರು ತಾಲೂಕಿನಲ್ಲಿ ತಮ್ಮದೊಂದೇ ಇರಬೇಕು ಎನ್ನಿಸಿ ನಾಚಿಕೆಯೂ ಆಯಿತು.

ಸಂಜೆ ಊಟಕ್ಕೆ ಕೂತಾಗ ಅವಳು ಬಡಿಸುವ ಸೌಟು ಕೆಳಗಿಟ್ಟಳು.

"ಕೇಳಿ ಎಲ್ರೂ. ಈ ಯುಗಾದಿಗೆ ಈ ಮನೇಲಿ ಅರ್ಧಂಬರ್ಧ ಅನ್ನೋದು ಒಂದೂ ಇರಕೂಡ್ದು. ಮುಗಿಸೋದನ್ನ ಮುಗ್ಸಿ, ಆಗದಿದ್ದದ್ದನ್ನ ಎಸೀರಿ. ಮೊದ್ಲು ಬಚ್ಚಲಿನ ಬಾಗಿಲು."

"ಆಯ್ತು" ಎಂದರು ಮೇಷ್ಟ್ರು. "ಒಳ್ಳೇ ವಿಚಾರ. ಹೊಸ ವರ್ಷ ಅಂದ್ರೆ ಹಂಗೇ ಇರ್ಬೇಕು. ಸಾರು ಹಾಕು."

ಕೃತಿಕಾ ಕೇಳಿದಳು, "ಅಪ್ಪಾಜಿ, ಬಸ್‌ಸ್ಟ್ಯಾಂಡ್ ಹತ್ರ ಅಂಗಡೀಲಿ ಪಿವಿಸಿ ಬಾಗಿಲು ಸಾಲಾಗಿ ನಿಲ್ಸಿದಾರೆ. ಹೇಳಿದ್ರೆ ಅವ್ರೇ ಬಂದು ಕೂಡ್ಸಿ ಹೋಗ್ತಾರೆ. ನಾಳೆ ಹೇಳ್ಲಾ?"

"ಪ್ಲಾಸ್ಟಿಕ್ ಬಾಗಿಲಾ? ಹಲಸಿನ ಹಲಗೆ ಇಟ್ಕೊಂಡು ಪ್ಲಾಸ್ಟಿಕ್ ಹಾಕಿದ್ರೆ ಜನ ಎಂತ ಅಂತಾರೆ?"

"ಸೀರೆ ಹಾಕಿದ್ದಕ್ಕೆ ಎಂತ ಅಂತಿದಾರೆ?"

"ನಿಂಗೆ ಮರದ ಬೆಲೆ ಗೊತ್ತಿಲ್ಲ ಮಾರಾಯ್ತಿ. ಹಲಸಿನ ಬಾಗಿಲು ಮೂರು ತಲೆಮಾರಿಗೆ ಬರುತ್ತೆ."

"ಎರಡನೇ ತಲೆಮಾರು ಬಾಗಿಲಿಲ್ಲ ಅಂತ ಮುನಿಸ್ಕೊಂಡು ಕೂತಿದೆ, ಮೂರನೇದು ತೊಟ್ಟಿಲಲ್ಲಿದೆ. ಬಾಗಿಲು ಎಲ್ಲಿದೆ?" ಎಂದಳು ಕೃತಿಕಾ.

ಸಿದ್ದಾರ್ಥ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದ ಫೋನಿನ ಸ್ಕ್ರೂ ಹುಡುಕುತ್ತಿದ್ದ. ಹೆಂಡತಿ ಮಗು ಇಲ್ಲದೆ ಅವನು ಬಡಕಲಾಗಿದ್ದ, ನಿಜ. ಅದಕ್ಕಾಗಿ ಎದ್ದು ಏನಾದರೂ ಮಾಡುವವನಲ್ಲ. ಅಪ್ಪ ಮಾಡುತ್ತಾರೆ ಎಂದು ಅವನಿದ್ದ, ಮಗ ಇದ್ದಾನಲ್ಲ ಎಂದು ಅಪ್ಪ ಇದ್ದರು.

ಮರುದಿನದಿಂದ ಮೇಷ್ಟ್ರು ಕೆಲಸಕ್ಕೆ ಇಳಿದದ್ದು ಸುಳ್ಳಲ್ಲ. ಬಾಗಿಲೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಕೈ ಹಾಕಿದರು. ಅಟ್ಟದಿಂದ ಹಾರ್ಮೋನಿಯಂ ಇಳಿಸಿ ಎರಡು ದಿನ ಸರಿಗಮ ನುಡಿಸಿದರು. ಜೇನುಪೆಟ್ಟಿಗೆಯ ಮುಚ್ಚಳ ಬಿಚ್ಚಿದರು. ಕೆಟ್ಟ ಗೋಡೆಗಡಿಯಾರದ ಮುಳ್ಳು ಕಿತ್ತರು. ಆಮೇಲೆ ಅವರಿಗೆ ಹೊಳೆದ ಸಂಗತಿ ಏನೆಂದರೆ, ಅರ್ಧಂಬರ್ಧ ಸಾಮಾನು ಮನೆ ತುಂಬ ಹರಡಿದೆ, ಇವನ್ನೆಲ್ಲ ಒಂದು ಕಡೆ ಜೋಡಿಸಿಟ್ಟುಕೊಂಡರೆ ಒಂದೊಂದಾಗಿ ಮುಗಿಸಬಹುದು, ಅದಕ್ಕೊಂದು ಶೆಲ್ಫು ಬೇಕು. ಹಾಗಾಗಿ ಶೆಲ್ಫು ಶುರುವಾಯಿತು. ಗೋಡೆಗೆ ಎರಡು ಮೊಳೆ ಬಿತ್ತು, ಮೂರನೆಯದು ಬಾಗಿತು, ಅಷ್ಟರಲ್ಲಿ ಬಿಸಿಲೇರಿತು ಎಂದು ಅದೂ ನಿಂತಿತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರಲ್ಲ, ಇವರು ಅಪ್ಪನನ್ನೂ ಪೂರ್ತಿ ಮಾಡುವವರಲ್ಲ.

ಸರ್ವಮಂಗಳೆ ಹಾರ್ಮೋನಿಯಮ್ಮನ್ನು ಬಾಳೆಹೊನ್ನೂರಿನ ಭಜನೆಯ ಹುಡುಗರಿಗೆ ಕೊಟ್ಟಳು. ಜೇನುಪೆಟ್ಟಿಗೆಯನ್ನು ಬಸರೀಕಟ್ಟೆಯ ನೆಂಟರ ಜೀಪಿಗೆ ಹಾಕಿ ಕಳಿಸಿದಳು. ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡು, "ಮುಗಿಸ್ತಾ ಇದ್ದೆ ನಾನು" ಎಂದರು.

"ನೀವು ಮುಗಿಸೋ ಹೊತ್ತಿಗೆ ನಾವೇ ಮುಗ್ದಿರ್ತೀವಿ" ಎಂದಳು ಸರ್ವಮಂಗಳೆ.

ಬಾಯಿಮಾತಿಗೆ ಬಗ್ಗದವರನ್ನು ಹೊಟ್ಟೆಯಿಂದ ಬಗ್ಗಿಸಬೇಕು ಎಂದು ಕೃತಿಕಾ ಸಲಹೆ ಕೊಟ್ಟಳು. ಒಂದು ದಿನ ಸರ್ವಮಂಗಳೆ ಮಧ್ಯಾಹ್ನಕ್ಕೆ ಬರೀ ಅನ್ನ ಬಡಿಸಿ ಎದುರಿಗೆ ಕೂತಳು.

"ಸಾರು?" ಎಂದರು ಮೇಷ್ಟ್ರು.

"ಬೇಳೆ ಒಣಗ್ತಾ ಇದೆ."

ಮೇಷ್ಟ್ರು ಒಂದು ಕ್ಷಣ ಯೋಚಿಸಿ, ಎದ್ದು ಹೋಗಿ ಮಜ್ಜಿಗೆ ತಂದುಕೊಂಡರು, ಭರಣಿಯಿಂದ ಅಪ್ಪೆಮಿಡಿ ಹಾಕಿಕೊಂಡರು, ಸೊರ್ ಎಂದು ಉಂಡು ತೇಗಿದರು. "ಇದೇ ಚಲೋ ಆಯ್ತು. ಹೊಟ್ಟೆ ಹಗುರ ಇದೆ" ಎಂದು ಮಲಗಲು ಹೋದರು. ಸರ್ವಮಂಗಳೆಗೆ ಅತ್ತ ನಗುವೂ ಬರಲಿಲ್ಲ, ಇತ್ತ ಅಳುವೂ ಬರಲಿಲ್ಲ. ಬೈದರೆ ನಾಟದ, ಉಪವಾಸ ಕೆಡವಿದರೆ ತಿಳಿಯದ ಮನುಷ್ಯನ ಜೊತೆ ಯಾರು ಏನು ಜಗಳ ಆಡಿಯಾರು.

ಕಾಮನ ಹುಣ್ಣಿಮೆಯ ಹೊತ್ತಿಗೆ ಅವಳೇ ಕೊಡೆ ಹಿಡಿದು ಪೇಟೆಗೆ ಹೋದಳು. ಪಿವಿಸಿ ಬಾಗಿಲೊಂದನ್ನು ಆರಿಸಿದಳು. ಬೆಳಿಗ್ಗೆಯೇ ಬಂದು ಕೂಡಿಸುತ್ತೇವೆ ಎಂದರು ಅಂಗಡಿಯವರು. ಮರುದಿನ ಬೇಗ ತಿಂಡಿ ಮಾಡಿ ಮುಗಿಸಿ, ಬಚ್ಚಲು ತೊಳೆದು, ಕಾದಳು. ಮಧ್ಯಾಹ್ನವಾದರೂ ಯಾರೂ ಬರಲಿಲ್ಲ. ಫೋನು ಮಾಡಿದರೆ ಅಂಗಡಿಯವನಿಗೇ ಆಶ್ಚರ್ಯ.

"ಮೇಷ್ಟ್ರು ನಿನ್ನೆ ಸಂಜೆ ಬಂದು ಬೇಡ ಅಂದ್ರಲ್ಲ ಅಮ್ಮಾ? ಮನೇಲಿ ಹಲಸಿನ ಬಾಗಿಲು ರೆಡಿ ಆಗಿದೆ ಅಂದ್ರು."

ಮೇಷ್ಟ್ರು ಜಗಲಿಯಲ್ಲಿದ್ದರು. ಸರ್ವಮಂಗಳೆ ಹೋಗಿ ಅವರ ಕೈಯಿಂದ ಪೇಪರು ಕಿತ್ತುಕೊಂಡಳು.

"ಎಲ್ಲಿದೆ ಬಾಗಿಲು? ತೋರ್ಸಿ."

"ಹಲಗೆ ಇದೆಯಲ್ಲ."

"ಹಲಗೆ ಬಾಗಿಲಾ?"

"ಹಲಗೆ ಇದ್ರೆ ಬಾಗಿಲು ಆದ ಹಾಗೇ ಲೆಕ್ಕ. ಉಳಿದದ್ದು ಕೂಡಿಸೋದು, ಸುಲಭ."

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ. ಸೊಸೆ ಮೈಮುಚ್ಕೊಳ್ಳೋಕೆ ಮರೆ ಇಲ್ಲ, ನಿಮ್ಗೆ ಹಲಸಿನ ಮರದ ಜಂಬ. ಇಷ್ಟು ವರ್ಷ ನೀವು ಎಂತ ಬೇಕಾದ್ರೂ ಅರ್ಧ ಮಾಡಿ, ನಾನು ಹೊತ್ಕೊಂಡೆ. ಆದ್ರೆ ಬೇರೆಯವ್ರು ಪೂರ್ತಿ ಮಾಡೋದನ್ನೂ ನಿಲ್ಸಿ ಬರ್ತೀರಲ್ಲ, ನಿಮ್ಗೆ ಎಂತ ಅನ್ಬೇಕು?"

ಮೇಷ್ಟ್ರಿಗೂ ಸ್ವಲ್ಪ ರೋಷ ಬಂತು. "ಯುಗಾದಿಯೊಳಗೆ ಹಲಸಿನ ಬಾಗಿಲು ನಿಲ್ಸಿ ತೋರಿಸ್ತೀನಿ. ಇವತ್ತೇ ಬೂತಪ್ಪನ್ನ ಕರೆಸ್ತೀನಿ. ಆಯ್ತಾ?"

ಬೂತಪ್ಪ ನಿಜಕ್ಕೂ ಬಂದ. ಈ ಸಲ ಬಚ್ಚಲಿನ ಹೊರಗಿನಿಂದಲೇ "ಯಾರಿದೀರಿ ಒಳಗೆ" ಎಂದು ಮೂರು ಸಲ ಕೂಗಿ ಅಳತೆ ತೆಗೆದುಕೊಂಡ. ಅವನೂ ಮೇಷ್ಟ್ರ ಜಾತಿಯವನೇ. ಕಾಫಿ ಬರುವವರೆಗೆ ಕೆಲಸದ ಮಾತು, ಕಾಫಿ ಬಂದ ಮೇಲೆ ಊರ ಮಾತು. ಆದರೂ ಹಲಗೆಗಳನ್ನು ಲಗೇಜ್ ಆಟೋಕ್ಕೆ ಹೇರಿಕೊಂಡು ಹೋದ. ಜಗಲಿಯ ಗೋಡೆ ಬೋಳಾದದ್ದು ನೋಡಿ ಸರ್ವಮಂಗಳೆಗೆ ಆಸೆ ಹುಟ್ಟಿತು. ಇಷ್ಟು ವರ್ಷ ಬಾಳಿದವಳಿಗೆ ಇನ್ನೂ ಆಸೆ ಹುಟ್ಟುತ್ತದಲ್ಲ ಎಂದು ತನ್ನ ಮೇಲೆ ತನಗೇ ಅಸಹ್ಯವಾಯಿತು. ಆದರೂ ತೊಟ್ಟಿಲು ಇಳಿಸಿ, ಹುಣಸೆಹಣ್ಣು ಹಚ್ಚಿ ಅದರ ಹಿತ್ತಾಳೆಯ ಸರಪಳಿ ತಿಕ್ಕಿದಳು.

ಹಬ್ಬಕ್ಕೆ ನಾಲ್ಕೈದು ದಿನ ಇರುವಾಗ ಅರ್ಪಿತಾ ಗಂಡನಿಗೆ ಫೋನು ಮಾಡಿದಳು. ಆಗ ಸಿದ್ದಾರ್ಥ ಅಂಗಡಿಯಲ್ಲಿ ಯಾರದೋ ಫೋನಿನ ಕರುಳು ತೆಗೆದುಕೊಂಡು ಕೂತಿದ್ದ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡಿದ್ದ.

"ಬಾಗಿಲು ಆಯ್ತೇನ್ರೀ?"

"ಆಯ್ತಾಯ್ತು."

"ಖಂಡಿತ?"

"ಆಯ್ತು ಅಂದ್ನಲ್ಲ ಮಾರಾಯ್ತಿ."

ಅರ್ಪಿತಾ ಕೇಳಿದ್ದು ಮುಗಿಯಿತೇ ಎಂದು. ಅವನು ಹೇಳಿದ್ದು, ನಿನ್ನ ಮಾತು ಕಿವಿಗೆ ಬಿತ್ತು ಎಂದು. ಈ ಮನೆಯಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ಆ ವ್ಯತ್ಯಾಸ ಗೊತ್ತಾಗುತ್ತಿತ್ತು. ಬೇರೆ ಮನೆಯ ಹುಡುಗಿ, ಕನ್ನಡವನ್ನು ಕನ್ನಡದ ಹಾಗೆ ಕೇಳಿಸಿಕೊಂಡಳು.

ಯುಗಾದಿಯ ಹಿಂದಿನ ದಿನ, ಅಮಾವಾಸ್ಯೆ. ಸರ್ವಮಂಗಳೆ ಅಡುಗೆಮನೆಯಲ್ಲಿ ಹೋಳಿಗೆಯ ಹೂರಣ ರುಬ್ಬಿ ತೆಗೆಯುತ್ತಿದ್ದಳು. ಕಣಕ ಕಲಸಿ ಎಣ್ಣೆಯಲ್ಲಿ ನೆನೆಯಲು ಇಟ್ಟಿದ್ದಳು. ಮೇಷ್ಟ್ರು ಬಾಗಿಲಿಗೆ ಮಾವಿನ ಎಲೆ ಕಟ್ಟುತ್ತಿದ್ದರು, ಅಂದರೆ ಒಂದು ಕಡೆ ಕಟ್ಟಿ ಆಗಿತ್ತು. ಬೂತಪ್ಪನ ಸುದ್ದಿ ಕೇಳಿದಾಗಲೆಲ್ಲ "ಬರ್ತಾನೆ, ಬರ್ತಾನೆ" ಎನ್ನುತ್ತಿದ್ದರು. ಅಷ್ಟರಲ್ಲಿ ಮನೆಯೆದುರು ಕಾರು ನಿಂತಿತು. ಅರ್ಪಿತಾ ಇಳಿದಳು, ಹಿಂದೆ ಮಗುವನ್ನು ಎತ್ತಿಕೊಂಡು ಅವಳ ತಾಯಿ ಕಮಲಕ್ಕ.

ಸರ್ವಮಂಗಳೆ ಹೂರಣದ ಕೈಯಲ್ಲೇ ಓಡಿ ಬಂದಳು. ಯಾಕೆ ಬಂದಳು, ಹೇಗೆ ಬಂದಳು ಎಂದು ಕೇಳಲು ಅವಳಿಗೆ ಹೊಳೆಯಲೂ ಇಲ್ಲ. ಮಗು ಅವಳ ಮುಖ ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕಿತು. ಅವಳ ಕಣ್ಣು ತುಂಬಿತು.

"ಕೈಕಾಲು ತೊಳ್ಕೊಂಡು ಬರ್ತೀನಿ ಅತ್ತೆ" ಎಂದು ಅರ್ಪಿತಾ ಒಳಗೆ ಹೋದಳು. ಸರ್ವಮಂಗಳೆಗೆ ಆಗ ಎಚ್ಚರಾಯಿತು. ಆದರೆ ತಡವಾಗಿತ್ತು.

ಬಚ್ಚಲಿಗೆ ಹಳೇ ಸೀರೆ ಇರಲಿಲ್ಲ. ಹಬ್ಬಕ್ಕೆಂದು ಮೇಷ್ಟ್ರು ಅವತ್ತು ಬೆಳಿಗ್ಗೆ ತಾನೇ ಮಾವಿನಕಾಯಿ ಚಿತ್ರದ ಹೊಸ ಪರದೆ ತಂದು ನೇತುಹಾಕಿದ್ದರು. ಅರ್ಪಿತಾ ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಕೈ ಬಿಟ್ಟು ಹೊರಗೆ ಬಂದಳು. ಕೂಗಲಿಲ್ಲ. ಮೇಜಿನ ಹತ್ತಿರ ಕೂತಿದ್ದ ಗಂಡನ ಮುಂದೆ ನಿಂತಳು.

"ಆಯ್ತು ಅಂದ್ರಲ್ಲ?"

ಸಿದ್ದಾರ್ಥ ಅಪ್ಪನ ಮುಖ ನೋಡಿದ. "ಆಯ್ತು ಅಂದ್ರೆ... ಆಯ್ತು, ಹಾಕಿಸ್ತೀವಿ ಅಂತ."

"ನಾಲ್ಕು ತಿಂಗಳ ಮಗೂನ ಬಿಸಿಲಲ್ಲಿ ಕರ್ಕೊಂಡು ಬಂದಿದೀನಿ, ನಿಮ್ಮ ಮಾತು ನಂಬಿ."

ಮೇಷ್ಟ್ರು ಮಧ್ಯೆ ಬಂದರು. ತಪ್ಪು ವಿವರಿಸುವುದೆಂದರೆ ಅವರಿಗೆ ಪ್ರಾಣ. "ಅದು ಭಾಷೆಯ ದೋಷ ಕಣಮ್ಮ, ಅವನದಲ್ಲ. ಆಯ್ತು ಅನ್ನೋದಕ್ಕೆ ಎರಡು ಅರ್ಥ ಇದೆ. ಒಂದು, ಕೆಲಸ ಮುಗೀತು. ಇನ್ನೊಂದು, ಒಪ್ಕೊಂಡೆ. ನೀನು ಮೊದಲನೇದು ತಗೊಂಡೆ."

"ಬೂತಪ್ಪ ಎಲ್ಲಿ ಮಾವ?"

"ಬಾಗಿಲು ಆಗಿದೆ. ಒಂದು ಹಲಗೆ ಕಮ್ಮಿ ಬಿದ್ದಿದೆ ಅಷ್ಟೇ. ಒಂದು ಗೇಣು ಸಂದಿ ಉಳಿಯುತ್ತಂತೆ. ಇನ್ನೊಂದು ಹಲಗೆ ಕೊಯ್ಸಿ, ಒಣಗ್ಸಿ..."

"ಹಲಗೆ ಹೇಗೆ ಕಮ್ಮಿ ಬೀಳುತ್ತೆ?" ಎಂದಳು ಕೃತಿಕಾ.

ಎಲ್ಲರ ಕಣ್ಣೂ ಗೋಡೆಯ ಮೇಲಿನ ಅರ್ಧ ಶೆಲ್ಫಿನ ಕಡೆ ಹೋಯಿತು. ಬಾಗಿದ ಮೊಳೆಯ ಮೇಲೆ, ನಡುವೆ ಗರಗಸ ಹಾಕಿದ ಹಲಸಿನ ಹಲಗೆ ಓರೆಯಾಗಿ ನೇತಾಡುತ್ತಿತ್ತು.

ಕಮಲಕ್ಕ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಬೀಗರ ಮನೆಯ ಮರ್ಯಾದೆಗೆ ಬಾಯಿ ಬಿಡಲಿಲ್ಲ. ಆ ಬಾಯಿ ಬಿಡದ ಮರ್ಯಾದೆಯೇ ಸರ್ವಮಂಗಳೆಗೆ ಹೆಚ್ಚು ಚುಚ್ಚಿತು. ಅವಳು ಅಡುಗೆಮನೆಗೆ ಹೋಗಿ ಕೈ ತೊಳೆದಳು. ಕೋಣೆಗೆ ಹೋಗಿ ಎರಡು ಸೀರೆ, ಎಣ್ಣೆ ಬಾಟಲಿ ಚೀಲಕ್ಕೆ ಹಾಕಿಕೊಂಡು ಬಂದಳು.

"ಕಮಲಕ್ಕ, ಕಾರಲ್ಲಿ ಜಾಗ ಇದೆಯಾ?"

"ಅಯ್ಯೋ, ಬನ್ನಿ, ಆದ್ರೆ ಹಬ್ಬದ ಹೊತ್ತಲ್ಲಿ..."

"ಹಬ್ಬ ನಿಮ್ಮ ಮನೆಗೂ ಬರುತ್ತಲ್ಲ."

"ನನ್ನವೂ ಎರಡು ಜೊತೆ ಹಾಕ್ಕೋತೀನಿ ಇರಮ್ಮ" ಎಂದು ಕೃತಿಕಾ ಒಳಗೆ ಓಡಿದಳು.

ಮೇಷ್ಟ್ರಿಗೆ ಇದು ಆಟವೋ ನಿಜವೋ ತಿಳಿಯಲಿಲ್ಲ. "ಲೇ ಮಂಗಳಾ, ಹೋಳಿಗೆ?"

"ಹೂರಣ ರುಬ್ಬಿದೀನಿ. ಕಣಕ ನೆಂದಿದೆ. ಉಳಿದದ್ದು ಸುಲಭ" ಎಂದು ಸರ್ವಮಂಗಳೆ ಚಪ್ಪಲಿ ಮೆಟ್ಟಿದಳು. ಮದುವೆಯಾದಂದಿನಿಂದ ಒಲೆಯ ಮುಂದಿನ ಕೆಲಸವನ್ನು ಅವಳು ಅರ್ಧಕ್ಕೆ ಬಿಟ್ಟದ್ದು ಅದೇ ಮೊದಲು.

ಯುಗಾದಿಯ ಬೆಳಿಗ್ಗೆ ಕಮಲಕ್ಕ ಬೀಗಿತ್ತಿಗೆ ಎಣ್ಣೆ ಹಚ್ಚಿ ನೀರು ತೋಡಿಟ್ಟರು. ಸರ್ವಮಂಗಳೆ ಒಳಗೆ ಹೋಗಿ ಬಾಗಿಲು ಮುಚ್ಚಿ ಅಗುಳಿ ಹಾಕಿದಳು. ಸೀಗೆಪುಡಿ ತಲೆಗೆ ಹಾಕಿ ತಿಕ್ಕುತ್ತಾ ಕೂತವಳಿಗೆ ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು, ತಾನು ಕೆಮ್ಮುತ್ತಾ ಇದ್ದೇನೆ ಎಂದು. ಕೆಮ್ಮು ನಿಲ್ಲಿಸಿದಳು. ಇಷ್ಟೂ ವರ್ಷ ಹೀಗೆ ನೆಮ್ಮದಿಯಾಗಿ ಮೀಯುವುದನ್ನು ದೊಡ್ಡವರ ಮನೆಯ ವೈಭೋಗ ಎಂದುಕೊಂಡಿದ್ದಳಲ್ಲ, ಆ ಸಿಟ್ಟಿಗೆ ಎರಡು ತಂಬಿಗೆ ನೀರು ಜಾಸ್ತಿಯೇ ಹೊಯ್ದುಕೊಂಡಳು. ಆಮೇಲೆ ಕಾಲು ನೀಡಿ ಕೂತು, ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ತಾನೇ ನೀರು ಹಾಕಿದಳು. ಬೇವುಬೆಲ್ಲ ತಿಂದರು. ಕಮಲಕ್ಕನ ಹೋಳಿಗೆ ತುಸು ದಪ್ಪವಾಗಿತ್ತು. ಸರ್ವಮಂಗಳೆ ಅದನ್ನು ಹೇಳಲಿಲ್ಲ.

ಕೊಪ್ಪದ ಸುದ್ದಿ ಕೃತಿಕಾಳ ಫೋನಿಗೆ ಬರುತ್ತಲೇ ಇತ್ತು. ಅಪ್ಪ ಮಗ ಹೋಳಿಗೆ ಲಟ್ಟಿಸಲು ಹೋಗಿ ಕಾವಲಿಗೆ ಅಂಟಿಸಿಕೊಂಡಿದ್ದರು. ಕೊನೆಗೆ ಹೂರಣವನ್ನು ಚಮಚದಲ್ಲಿ ತಿಂದು ಹಬ್ಬ ಮಾಡಿದರು. ಪಕ್ಕದ ಮನೆಯವರು ಬೇವುಬೆಲ್ಲ ಕೊಡಲು ಬಂದು, ಹೆಂಗಸರೆಲ್ಲ ಎಲ್ಲಿ ಎಂದು ಕೇಳಿದರಂತೆ. ಮೇಷ್ಟ್ರು "ಬಾಣಂತಿ ನೋಡೋಕೆ" ಎಂದರಂತೆ.

ಮರುದಿನ ವರ್ಷತೊಡಕು. ಅವತ್ತು ಏನು ಮಾಡುತ್ತೇವೋ ವರ್ಷವಿಡೀ ಅದನ್ನೇ ಮಾಡುತ್ತೇವೆ ಎನ್ನುತ್ತಾರೆ. ಹಾಗಾಗಿ ಸರ್ವಮಂಗಳೆ ಏನೂ ಮಾಡದೆ ಜಗಲಿಯಲ್ಲಿ ಮೊಮ್ಮಗಳ ಪಕ್ಕ ಕೂತಿದ್ದಳು. ಸಿದ್ದಾರ್ಥನ ಫೋನು ಬಂತು. ದನಿಯಲ್ಲಿ ಗೆದ್ದ ಸಂಭ್ರಮ.

"ಅಮ್ಮ, ಬಾಗಿಲು ಹಾಕಿದ್ವಿ. ನಾನು, ಅಪ್ಪಾಜಿ ಸೇರಿ. ಪಿವಿಸಿದೇ ತಂದೆ. ಫೋಟೋ ಕಳ್ಸಿದೀನಿ ನೋಡು. ಅರ್ಪಿತಂಗೆ ಹೇಳು, ನಾಳೆ ಶಾಲೆಗೆ ಬೇಡ ಅನ್ನು ಅಂತ."

ಅತ್ತೆ, ಸೊಸೆ, ಕೃತಿಕಾ ಮೂವರೂ ತಲೆ ಕೂಡಿಸಿ ಫೋಟೋ ನೋಡಿದರು. ನಿಜ, ಬಾಗಿಲು ನಿಂತಿತ್ತು. ನೆಟ್ಟಗೇ ನಿಂತಿತ್ತು. ಪಕ್ಕದಲ್ಲಿ ಮೇಷ್ಟ್ರು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. ಅರ್ಪಿತಾ ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿದಳು.

"ಚಿಲಕ ಹೊರಗಡೆ ಇದೆ" ಎಂದಳು.

ಕೃತಿಕಾ ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ಸರ್ವಮಂಗಳೆ ಫೋನು ಕಿವಿಗೆ ಹಿಡಿದಳು. "ಸಿದ್ದು, ಒಳಗೂ ಒಂದು ಚಿಲಕ ಇದೆಯಾ?"

"ಇಲ್ಲ. ಒಳಗೆ ಟೈಲ್ಸಲ್ವಾ, ಡ್ರಿಲ್ ಹೊಡ್ದ್ರೆ ಒಡೆಯುತ್ತೆ ಅಂದ್ರು ಅಪ್ಪಾಜಿ. ಹೊರಗೆ ಸುಲಭ ಆಯ್ತು."

ಹಿಂದಿನಿಂದ ಮೇಷ್ಟ್ರ ದನಿ ಕೇಳಿತು. "ಅದೊಂದು ಚಿಲಕ ತಾನೆ. ಅವಳು ಬಂದ ಮೇಲೆ ನೋಡುವ ಅನ್ನು."

ಅರ್ಪಿತಾ ನಿಟ್ಟುಸಿರು ಬಿಟ್ಟಳು. "ಹೋಗ್ಲಿ ಬಿಡಿ ಅತ್ತೆ. ಇಲ್ಲೇ ಒಂದು ಚಿಲಕ ತಗೊಂಡು ಹೋಗಿ ನಾವೇ ಹಾಕ್ಕೊಳ್ಳೋಣ."

ಸರ್ವಮಂಗಳೆಯ ಕಾಲು ಏಳಲು ಹೊರಟಿತ್ತು. ಎದ್ದು ಹೋಗಿ, ಬಾಗಿದ ಮೊಳೆ ಕಿತ್ತು, ಚಿಲಕ ಜಡಿಸಿ, ಕಸ ಗುಡಿಸಿ ಮುಗಿಸುವುದು ಆ ಕಾಲಿಗೆ ರೂಢಿಯಾಗಿತ್ತು. ಅವಳು ಮತ್ತೆ ಗೋಡೆಗೆ ಒರಗಿ ಕೂತಳು.

"ಬೇಡ. ನಾನು ಹೀಗೆ ಮುಗಿಸ್ಕೊಂಡು ಬಂದೇ ಅವ್ರು ಇಷ್ಟು ಚೆಂದ ಆದದ್ದು. ಒಳಗೆ ಚಿಲಕ ಬಿದ್ದ ಫೋಟೋ ಇವತ್ತು ಬಂದ್ರೆ ನಾಳೆ ಶಾಲೆಗೆ ಬೇಡ ಅನ್ನು. ಬರದಿದ್ರೆ ಹೂಂ ಅನ್ನು. ನಾನು ಒಂದು ಮಾತೂ ಆಡಲ್ಲ."

ಆ ಕೊನೆಯ ಮಾತು ಆಡುವಾಗ ಅವಳ ಕೈ ಮಗುವಿನ ಪಾದ ಹಿಡಿದುಕೊಂಡಿತ್ತು. ಅರ್ಪಿತಾ ಅತ್ತೆಯ ಮುಖ ನೋಡಿ ತಲೆಯಾಡಿಸಿದಳು.

ಸರ್ವಮಂಗಳೆ ಫೋನಿಗೆ ಹೇಳಿದಳು, "ಸಿದ್ದು, ಡ್ರಿಲ್ ಇದೆಯಾ?"

"ಇದೆ, ಅಂಗಡಿಯವ್ರದ್ದು, ಸಂಜೆ ಕೊಡ್ಬೇಕು."

"ಒಂದು ಚಿಲಕ ತಂದು ಡ್ರಿಲ್ ಜೊತೆ ಅಪ್ಪನ ಕೈಗೆ ಕೊಡು. ಅವ್ರನ್ನ ಒಳಗೆ ಹೋಗೋಕೆ ಹೇಳು. ತಂದಾದ ಮೇಲೆ ಫೋನ್ ಮಾಡು."

ಸ್ವಲ್ಪ ಹೊತ್ತಿಗೆ ಫೋನು ಬಂತು. "ಅಪ್ಪಾಜಿ ಒಳಗಿದಾರೆ ಅಮ್ಮ. ಎಂತಕ್ಕೆ?"

"ಹೊರಗಿನ ಚಿಲಕ ಹಾಕು."

ಮಗ ಹುಟ್ಟಿದ ಮೇಲೆ ಹೇಳಿದ ಕೆಲಸವನ್ನು ಹೇಳಿದ ಕೂಡಲೇ ಮಾಡಿದ್ದು ಅವತ್ತೇ ಇರಬೇಕು. ಕಟಕ್ ಎಂದದ್ದು ನರಸಿಂಹರಾಜಪುರಕ್ಕೆ ಸ್ಪಷ್ಟವಾಗಿ ಕೇಳಿತು. ಒಳಗಿನಿಂದ ಮೇಷ್ಟ್ರು ಬಾಗಿಲು ಬಡಿದರು. "ಎಂತದಾ ಇದು? ತೆಗಿ ಮಾರಾಯ."

"ಅವ್ರು ಒಳಗೆ ಚಿಲಕ ಕೂಡ್ಸಿ, ಹಾಕಿ, ತೆಗೆದು ತೋರಿಸ್ಬೇಕು. ಪೂರ್ತಿ ಮುಗಿದ ಮೇಲೆ ನೀನು ಹೊರಗಿನದ್ದು ತೆಗಿ. ಅರ್ಧಕ್ಕೆ ತೆಗ್ದೆ ಅಂದ್ರೆ ನಿನ್ನ ಹೆಂಡ್ತಿ ಮಗು ಇಲ್ಲೇ."

ಆ ಕಡೆ ಗುಸುಗುಸು ನಡೆಯಿತು. ಬೇಡಿಕೆ, ಬೈಗುಳ, ಸ್ವಲ್ಪ ವೇದಾಂತ. ಸಿದ್ದಾರ್ಥ ಜಗ್ಗಲಿಲ್ಲ. ಆಮೇಲೆ ಗುರ್ ಎಂದು ಡ್ರಿಲ್ಲಿನ ಸದ್ದು ಶುರುವಾಯಿತು. ಕೃತಿಕಾ ಸ್ಪೀಕರು ಹಾಕಿದಳು. ಕಮಲಕ್ಕನೂ ಒಳಗಿನಿಂದ ಬಂದು ನಿಂತರು. ಸದ್ದು ಏರಿತು, ಇಳಿಯಿತು, ಮತ್ತೆ ಏರಿತು, ಇದ್ದಕ್ಕಿದ್ದಂತೆ ನಿಂತುಹೋಯಿತು.

"ಎಂತಾಯ್ತು?" ಎಂದಳು ಸರ್ವಮಂಗಳೆ.

"ಕರೆಂಟು ಹೋಯ್ತಮ್ಮ. ಒಳಗೆ ಕತ್ತಲೆ ಅಂತಿದಾರೆ. ತೆಗೀಲಾ?"

"ಬರೋವರೆಗೆ ಒಳಗೇ ಇರ್ಲಿ."